ಮಲೆನಾಡಿಗೆ ಬರುವ ಪಡೆ ಯಾರ ಮಾತು ಕೇಳಬೇಕು?

ಶಿವಮೊಗ್ಗದಲ್ಲಿ ಗಣಪತಿ ಮೆರವಣಿಗೆಯ ದಿನ ಹತ್ತಿರ ಬಂದಾಗ ಪೇಟೆ ಬೀದಿಗಳಲ್ಲಿ ಪೊಲೀಸರ ಪಥಸಂಚಲನ ನಡೆಯುತ್ತದೆ. ಅದನ್ನು ಸ್ವಲ್ಪ ಗಮನವಿಟ್ಟು ನೋಡಿ. ಖಾಕಿ ತೊಟ್ಟ ಠಾಣೆ ಪೊಲೀಸರು ಇರುತ್ತಾರೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಅಂದರೆ ಡಿಎಆರ್‌ನವರು ಇರುತ್ತಾರೆ. ಕೆಎಸ್‌ಆರ್‌ಪಿ, ಅಂದರೆ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ತುಕಡಿ ಇರುತ್ತದೆ. ಕೆಲವು ಸಲ ನೀಲಿ ಬಣ್ಣದ ಸಮವಸ್ತ್ರದ ಆರ್‌ಎಎಫ್, ಅಂದರೆ ಕೇಂದ್ರದ ಕ್ಷಿಪ್ರ ಕಾರ್ಯಪಡೆಯ ಜವಾನರೂ ಬರುತ್ತಾರೆ. ಅಂಗಡಿ ಬಾಗಿಲಲ್ಲಿ ನಿಂತವರು ‘ಮಿಲಿಟರಿ ಬಂದಿದೆ’ ಅಂತ ಮಾತಾಡಿಕೊಳ್ಳುತ್ತಾರೆ. ಅದು ಮಿಲಿಟರಿ ಅಲ್ಲ. ಆ ಸಾಲಿನಲ್ಲಿ ದಾರಿ ತೋರಿಸುತ್ತಾ ಮುಂದೆ ನಡೆಯುವವರು ಸ್ಥಳೀಯ ಪೊಲೀಸ್ ಅಧಿಕಾರಿ. ಅವರು ಮುಂದೆ ನಡೆಯುವುದು ದಾರಿ ಗೊತ್ತಿದೆ ಎಂಬ ಒಂದೇ ಕಾರಣಕ್ಕಲ್ಲ, ಅದಕ್ಕೆ ಸಂವಿಧಾನದ ಕಾರಣವೂ ಇದೆ.

ನಮ್ಮ ಜಿಲ್ಲೆಯಲ್ಲಿ ಈ ವಿಷಯ ತಿಳಿದುಕೊಳ್ಳುವ ಅಗತ್ಯ ಬೇರೆ ಕಡೆಗಿಂತ ಜಾಸ್ತಿ. ಶಿವಮೊಗ್ಗದಿಂದ ಭದ್ರಾವತಿಗೆ ಹೊರಟರೆ ಮಾಚೇನಹಳ್ಳಿಯಲ್ಲಿ ಕೆಎಸ್‌ಆರ್‌ಪಿ 8ನೇ ಪಡೆ ಸಿಗುತ್ತದೆ. ಅದು ರಾಜ್ಯದ್ದು. ಮುಂದೆ ಭದ್ರಾವತಿಯಲ್ಲಿ ಆರ್‌ಎಎಫ್‌ನ 97ನೇ ಬೆಟಾಲಿಯನ್. ಅದರ ಕಟ್ಟಡಗಳಿಗೆ 2021ರ ಜನವರಿ 16ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅಡಿಗಲ್ಲು ಹಾಕಿದರು. ಅದು ಕೇಂದ್ರದ್ದು. ತೀರ್ಥಹಳ್ಳಿ ದಾಟಿ ಆಗುಂಬೆ, ಶೃಂಗೇರಿ ಕಡೆಯ ಕಾಡಿನಲ್ಲಿ ಇಪ್ಪತ್ತು ವರ್ಷ ಓಡಾಡಿದ್ದು ನಕ್ಸಲ್ ನಿಗ್ರಹ ಪಡೆ, ಅಂದರೆ ಎಎನ್‌ಎಫ್. ಅದು ಮತ್ತೆ ರಾಜ್ಯದ್ದು, ಮುಖ್ಯ ಕಚೇರಿ ಕಾರ್ಕಳದಲ್ಲಿ. 2025ರ ಮೇ ಕೊನೆಯಲ್ಲಿ ಸರ್ಕಾರ ಇನ್ನೊಂದು ಹೊಸ ಪಡೆಗೆ ಆದೇಶ ಹೊರಡಿಸಿತು. ಕೋಮು ಗಲಭೆ ತಡೆಯುವ ವಿಶೇಷ ಕಾರ್ಯಪಡೆ ಅದು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಈ ಮೂರು ಜಿಲ್ಲೆಗಳು ಅದರ ವ್ಯಾಪ್ತಿ. ಒಟ್ಟು 248 ಸಿಬ್ಬಂದಿಯನ್ನು ಎಎನ್‌ಎಫ್‌ನಿಂದಲೇ ತೆಗೆದು ಕೊಡಲಾಯಿತು.

ಹೀಗೆ ಒಂದೇ ನೆಲದಲ್ಲಿ ಇಷ್ಟು ಪಡೆಗಳು ಓಡಾಡುವಾಗ ಯಾರು ಯಾರಿಗೆ ಆದೇಶ ಕೊಡಬಹುದು? ರಾಜ್ಯ ತನಗೆ ಬೇಕಾದಷ್ಟು ಪಡೆ ಕಟ್ಟಬಹುದೇ? ಕೇಂದ್ರ ತನಗೆ ಬೇಕಾದಾಗ ಪಡೆ ಕಳಿಸಬಹುದೇ? ಇವುಗಳಲ್ಲಿ ಯಾವುದೋ ಒಂದು ಪಡೆಯವರು ನಮ್ಮ ಮನೆ ಬಾಗಿಲು ತಟ್ಟಿದರೆ ನಾವು ಏನು ಕೇಳಬಹುದು?

ಪೊಲೀಸ್ ಯಾರದ್ದು, ಸೇನೆ ಯಾರದ್ದು

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ಬರಿಗೂ ಸೇರಿದ ಪಟ್ಟಿ. ರಾಜ್ಯ ಪಟ್ಟಿಯ ಮೊದಲ ಎರಡು ವಿಷಯಗಳೇ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್. ಕೇಂದ್ರ ಪಟ್ಟಿಯ ಮೊದಲಲ್ಲಿ ದೇಶದ ರಕ್ಷಣೆ ಮತ್ತು ಸೇನೆ ಇವೆ. ಹಾಗಾಗಿ ರಾಜ್ಯ ಸರ್ಕಾರ ಪೊಲೀಸ್ ಪಡೆ ಕಟ್ಟಬಹುದು, ಸೇನೆ ಕಟ್ಟುವಂತಿಲ್ಲ. ಅದರ ಪಡೆಗೆ ಎಷ್ಟೇ ದೊಡ್ಡ ಬಂದೂಕು ಕೊಟ್ಟರೂ, ಕಮಾಂಡೊ ತರಬೇತಿ ಕೊಟ್ಟರೂ, ಕಾನೂನಿನ ಕಣ್ಣಲ್ಲಿ ಅದು ಪೊಲೀಸ್ ಪಡೆಯೇ. ಶಸ್ತ್ರಾಸ್ತ್ರದ ಕಾನೂನು ಮಾಡುವ ಅಧಿಕಾರವೂ ಕೇಂದ್ರದ್ದು, 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ.

ಇದರ ನಡುವೆ ಒಂದು ವಿಚಿತ್ರ ಕೊಂಡಿ ಇದೆ. ಜಿಲ್ಲಾ ಎಸ್‌ಪಿ ಸಾಮಾನ್ಯವಾಗಿ ಐಪಿಎಸ್ ಅಧಿಕಾರಿ. ಐಪಿಎಸ್ ಅಖಿಲ ಭಾರತ ಸೇವೆ. ಅವರನ್ನು ಆಯ್ಕೆ ಮಾಡಿ ನೇಮಿಸುವುದು ಕೇಂದ್ರ. ಅವರನ್ನು ಯಾವ ಜಿಲ್ಲೆಗೆ ಹಾಕಬೇಕು, ಯಾವಾಗ ಎತ್ತಂಗಡಿ ಮಾಡಬೇಕು ಎಂದು ತೀರ್ಮಾನಿಸುವುದು ರಾಜ್ಯ. ಒಬ್ಬ ಅಧಿಕಾರಿ ಎರಡೂ ಸರ್ಕಾರಗಳ ಋಣದಲ್ಲಿರುತ್ತಾರೆ. ಸಂವಿಧಾನ ಬರೆದವರು ಬೇಕೆಂದೇ ಹೀಗೆ ಮಾಡಿದರು. ರಾಜ್ಯದ ಪೊಲೀಸರು ಪೂರ್ತಿಯಾಗಿ ರಾಜ್ಯದ ಆಳುವ ಪಕ್ಷದ ಪಡೆಯಾಗದಿರಲಿ ಎಂಬುದು ಅದರ ಆಶಯ. ಆ ಆಶಯ ಎಷ್ಟು ಈಡೇರಿದೆ ಎಂಬುದು ಬೇರೆ ಮಾತು. ವರ್ಗಾವಣೆ ಅಧಿಕಾರ ಕೈಯಲ್ಲಿದ್ದರೆ ಉಳಿದದ್ದೆಲ್ಲ ಕೈಗೆ ಬರುತ್ತದೆ. ಅದಕ್ಕೇ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಏಳು ನಿರ್ದೇಶನ ಕೊಟ್ಟಿತು. ಮುಖ್ಯ ಹುದ್ದೆಗಳಿಗೆ ಕನಿಷ್ಠ ಎರಡು ವರ್ಷದ ಅವಧಿ, ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಮುಂತಾದವು ಅದರಲ್ಲಿವೆ. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು.

ನಗರದ ದಂಗೆ ಕಲಿಸಿದ್ದು

ಕೇಂದ್ರ ಪಡೆ ಕಳಿಸುವ ವಿಷಯಕ್ಕೆ ಬರುವ ಮೊದಲು ನಮ್ಮದೇ ಜಿಲ್ಲೆಯ ಒಂದು ಹಳೆಯ ಕತೆ ಹೇಳಬೇಕು. ಇದು ಈ ವಿಷಯದ ತಿರುಳನ್ನೇ ತೋರಿಸುತ್ತದೆ ಎಂಬುದು ನನ್ನ ನಂಬಿಕೆ.

ಈಗ ಹೊಸನಗರ ತಾಲ್ಲೂಕಿನಲ್ಲಿರುವ ನಗರ, ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. 1830–31ರಲ್ಲಿ ಆ ಸೀಮೆಯ ರೈತರು ಕಂದಾಯದ ಹೊರೆ ಮತ್ತು ಅಧಿಕಾರಿಗಳ ಕಾಟ ತಾಳಲಾರದೆ ತಿರುಗಿಬಿದ್ದರು. ಊರೂರಲ್ಲಿ ಕೂಟ ಸೇರಿದರು. ಕೆಳದಿ ವಂಶದವನು ತಾನೆಂದು ಬೂದಿ ಬಸಪ್ಪ ಮುಂದೆ ಬಂದ. ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಸೈನ್ಯಕ್ಕೆ ದಂಗೆ ಅಡಗಿಸಲು ಆಗಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಪಡೆ ಬಂತು. ದಂಗೆ ಅಡಗಿತು. ಆದರೆ ಕಂಪನಿ ಅಲ್ಲಿಗೆ ನಿಲ್ಲಲಿಲ್ಲ. 1831ರಲ್ಲಿ ಇಡೀ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ಅದು ಒಡೆಯರ್ ಮನೆತನಕ್ಕೆ ವಾಪಸ್ ಸಿಕ್ಕಿದ್ದು 1881ರಲ್ಲಿ. ಬೆಂಕಿ ಆರಿಸಲು ಬಂದ ಪಕ್ಕದ ಮನೆಯವರು ಬೀಗದ ಕೈ ಕಿತ್ತುಕೊಂಡು ಐವತ್ತು ವರ್ಷ ಜಗಲಿ ಬಿಟ್ಟು ಏಳದಿದ್ದ ಹಾಗಾಯಿತು.

ಪಡೆ ಕಳಿಸುವುದು ಒಂದು, ಆಳ್ವಿಕೆ ಕಿತ್ತುಕೊಳ್ಳುವುದು ಇನ್ನೊಂದು. ಸ್ವತಂತ್ರ ಭಾರತದ ಸಂವಿಧಾನ ಈ ಎರಡನ್ನೂ ಬೇರೆ ಬೇರೆ ವಿಧಿಗಳಲ್ಲಿ ಇಟ್ಟಿದೆ. 355ನೇ ವಿಧಿ ಪ್ರತಿ ರಾಜ್ಯವನ್ನೂ ಹೊರಗಿನ ದಾಳಿಯಿಂದ, ಒಳಗಿನ ಗಲಭೆಯಿಂದ ಕಾಪಾಡುವುದು ಕೇಂದ್ರದ ಕರ್ತವ್ಯ ಎನ್ನುತ್ತದೆ. 356ನೇ ವಿಧಿ ರಾಷ್ಟ್ರಪತಿ ಆಳ್ವಿಕೆಯದ್ದು. 1949ರಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಅಂಬೇಡ್ಕರ್ ವಾದ ಸ್ಪಷ್ಟವಾಗಿತ್ತು. ತಮಗೆ ಕೊಟ್ಟ ಕ್ಷೇತ್ರದಲ್ಲಿ ರಾಜ್ಯಗಳು ಸ್ವತಂತ್ರ. ಅಲ್ಲಿಗೆ ಕೇಂದ್ರ ಕಾಲಿಡಬೇಕಾದರೆ ಸಂವಿಧಾನವೇ ಹೊರಿಸಿದ ಒಂದು ಹೊಣೆ ಅದಕ್ಕೆ ಇರಬೇಕು, ಮನಸ್ಸಿಗೆ ಬಂದ ಹಾಗೆ ನುಗ್ಗುವಂತಿಲ್ಲ.

ಆಳ್ವಿಕೆ ಕಿತ್ತುಕೊಳ್ಳುವ ಅಧಿಕಾರಕ್ಕೆ ಲಗಾಮು ಬಿದ್ದದ್ದು ಕರ್ನಾಟಕದ ಪ್ರಕರಣದಿಂದಲೇ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನ ಆಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು ಹೇಳಿತು. ಆ ತೀರ್ಪಿನ ನಂತರ ಹಿಂದಿನಷ್ಟು ಸುಲಭವಾಗಿ 356 ಬಳಸಲು ಆಗಿಲ್ಲ.

ಪಡೆ ಕಳಿಸಲು ಅನುಮತಿ ಬೇಕೇ?

ಪಡೆ ಕಳಿಸುವ ಅಧಿಕಾರಕ್ಕೆ ಅಷ್ಟು ಗಟ್ಟಿ ಲಗಾಮು ಇಲ್ಲ. ಇಲ್ಲೇ ನಿಜವಾದ ತೊಡಕು ಇರುವುದು.

1968ರಲ್ಲಿ ಕೇಂದ್ರ ಸರ್ಕಾರಿ ನೌಕರರ ಮುಷ್ಕರದ ವೇಳೆ ಕೇರಳದಲ್ಲಿದ್ದ ಕೇಂದ್ರ ಕಚೇರಿಗಳ ಕಾವಲಿಗೆ ಸಿಆರ್‌ಪಿಎಫ್, ಅಂದರೆ ಕೇಂದ್ರ ಮೀಸಲು ಪೊಲೀಸ್ ಪಡೆ ಬಂತು. ಆಗ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್. ನಮ್ಮನ್ನು ಕೇಳದೆ ಪಡೆ ಕಳಿಸಿದ್ದು ಸರಿಯಲ್ಲ, ಸುವ್ಯವಸ್ಥೆ ನಮ್ಮ ವಿಷಯ ಎಂದು ಅವರ ಸರ್ಕಾರ ತಕರಾರು ತೆಗೆಯಿತು. ಕೇಂದ್ರದ ಆಸ್ತಿ ಕಾಯುವುದು ನಮ್ಮ ಹಕ್ಕು ಎಂದು ದೆಹಲಿ ಹೇಳಿತು. ವಾದ ಮುಗಿಯಲಿಲ್ಲ.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 42ನೇ ತಿದ್ದುಪಡಿ ಬಂತು. ಅದು ಈ ವಾದವನ್ನು ಒಂದೇ ಏಟಿಗೆ ಕೇಂದ್ರದ ಪರ ಮುಗಿಸಲು ನೋಡಿತು. 257ಎ ಎಂಬ ಹೊಸ ವಿಧಿ ಸೇರಿತು. ಯಾವ ರಾಜ್ಯದಲ್ಲಾದರೂ ಸುವ್ಯವಸ್ಥೆ ತೀರಾ ಹದಗೆಟ್ಟರೆ ಕೇಂದ್ರ ತನ್ನ ಪಡೆ ಇಳಿಸಬಹುದು, ಆ ಪಡೆ ಕೇಂದ್ರದ ಮಾತು ಮಾತ್ರ ಕೇಳಬೇಕು, ರಾಜ್ಯದ ಹತೋಟಿಗೆ ಅದು ಒಳಪಡುವುದಿಲ್ಲ ಎಂದು ಅಲ್ಲಿ ಬರೆಯಲಾಗಿತ್ತು. ಜನತಾ ಸರ್ಕಾರ ಬಂದ ಮೇಲೆ 1978ರ 44ನೇ ತಿದ್ದುಪಡಿ ಆ ವಿಧಿಯನ್ನು ಕಿತ್ತುಹಾಕಿತು. ಅದೇ ತಿದ್ದುಪಡಿ ಇನ್ನೊಂದು ದೊಡ್ಡ ಕೆಲಸ ಮಾಡಿತು. ರಾಷ್ಟ್ರೀಯ ತುರ್ತು ಪರಿಸ್ಥಿತಿ ಹೇರಲು ‘ಒಳಗಿನ ಗಲಭೆ’ ಸಾಕು ಎಂದಿದ್ದುದನ್ನು ‘ಸಶಸ್ತ್ರ ದಂಗೆ’ ಎಂದು ಬದಲಾಯಿಸಿತು.

ಆದರೆ 42ನೇ ತಿದ್ದುಪಡಿಯ ಒಂದು ತುಂಡು ಉಳಿದುಕೊಂಡಿತು. ಕೇಂದ್ರ ಪಟ್ಟಿಯ 2ಎ ನಮೂದು. ಯಾವುದೇ ರಾಜ್ಯದಲ್ಲಿ ನಾಗರಿಕ ಆಡಳಿತದ ನೆರವಿಗೆ ಕೇಂದ್ರದ ಪಡೆಗಳನ್ನು ನಿಯೋಜಿಸುವುದು ಕೇಂದ್ರದ ವಿಷಯ ಎಂದು ಅದು ಹೇಳುತ್ತದೆ. ರಾಜ್ಯ ಪಟ್ಟಿಯ ಪೊಲೀಸ್ ವಿಷಯವೂ ಇದಕ್ಕೆ ಒಳಪಟ್ಟಿದೆ. ಅಂದರೆ ಕಾಗದದ ಮೇಲೆ ಕೇಂದ್ರ ರಾಜ್ಯದ ಒಪ್ಪಿಗೆ ಇಲ್ಲದೆಯೂ ಪಡೆ ಕಳಿಸಬಹುದು. 1988ರಲ್ಲಿ ವರದಿ ಕೊಟ್ಟ ಸರ್ಕಾರಿಯಾ ಆಯೋಗವೂ ಇದನ್ನು ಒಪ್ಪಿತು. ಆದರೆ ಸಾಧ್ಯವಾದಾಗಲೆಲ್ಲ ಮೊದಲು ರಾಜ್ಯದ ಜೊತೆ ಮಾತಾಡುವುದು ಒಳ್ಳೆಯದು ಎಂದಿತು. ಒಳ್ಳೆಯದು ಎಂದರೆ ಕಡ್ಡಾಯ ಅಲ್ಲ, ಅಲ್ವಾ? ಈ ಮಾತು ಕಾನೂನಾಗಿ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕೇಂದ್ರದಲ್ಲಿ ಯಾವ ಪಕ್ಷ ಇದೆ, ರಾಜ್ಯದಲ್ಲಿ ಯಾವ ಪಕ್ಷ ಇದೆ ಎಂಬುದರ ಮೇಲೆ ಸೌಜನ್ಯ ನಿಲ್ಲಬಾರದು.

ಆದರೂ 2ಎ ನಮೂದಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿದೆ: ನಾಗರಿಕ ಆಡಳಿತದ ‘ನೆರವಿಗೆ’. 1997ರಲ್ಲಿ ನಾಗಾ ಜನರ ಮಾನವ ಹಕ್ಕು ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಗಲಭೆಪೀಡಿತ ಎಂದು ಘೋಷಿಸಿದ ಕಡೆ ಸೇನೆಗೆ ಗುಂಡು ಹಾರಿಸುವ, ಬಂಧಿಸುವ ಹೆಚ್ಚಿನ ಅಧಿಕಾರ ಕೊಡುವ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಅದು ಎತ್ತಿಹಿಡಿಯಿತು, ಅದು ಅನೇಕರಿಗೆ ಬೇಸರ ತಂದ ತೀರ್ಪು. ಆದರೆ ನೆರವಿಗೆ ಬಂದ ಪಡೆ ನಾಗರಿಕ ಆಡಳಿತದ ಜಾಗದಲ್ಲಿ ತಾನೇ ಕೂರುವಂತಿಲ್ಲ, ಅಲ್ಲಿನ ಆಡಳಿತ ಕೆಲಸ ಮಾಡುತ್ತಲೇ ಇರಬೇಕು, ಅದರ ಸಹಕಾರದಲ್ಲೇ ಪಡೆ ನಡೆಯಬೇಕು ಎಂದೂ ಹೇಳಿತು. ಅಂದಹಾಗೆ ಮಲೆನಾಡಿನಲ್ಲಿ ಎಷ್ಟು ವರ್ಷ ಕೂಂಬಿಂಗ್ ನಡೆದರೂ ಆ ಕಾಯ್ದೆ ಇಲ್ಲಿಗೆ ಬರಲಿಲ್ಲ. ಇದು ಸಣ್ಣ ವಿಷಯ ಅಲ್ಲ.

ಈಗ ಮತ್ತೆ ಪಥಸಂಚಲನದ ನೀಲಿ ಸಮವಸ್ತ್ರಕ್ಕೆ ಬನ್ನಿ. ಆರ್‌ಎಎಫ್ ಎಂದರೆ ಸಿಆರ್‌ಪಿಎಫ್‌ನ ಒಂದು ಭಾಗ. ಗಲಭೆ ನಿಭಾಯಿಸಲೆಂದೇ 1992ರ ಅಕ್ಟೋಬರ್‌ನಲ್ಲಿ ಶುರುವಾಯಿತು. 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದಲ್ಲಿ ಕಲ್ಲು ತೂರಾಟ ನಡೆದಾಗಲೂ ಅದು ಶಿವಮೊಗ್ಗಕ್ಕೆ ಬಂದಿತ್ತು. ಆದರೆ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದ್ದು. ಹಿಂದೆ ಅದನ್ನು 144 ಎನ್ನುತ್ತಿದ್ದೆವು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಗುಂಪು ಚದುರಿಸಲು ಆದೇಶ ಕೊಡುವವರು ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಠಾಣಾಧಿಕಾರಿ, ಅದು 148ನೇ ಸೆಕ್ಷನ್. ಅದರಲ್ಲೂ ಆಗದಿದ್ದರೆ ದಂಡಾಧಿಕಾರಿ ಸಶಸ್ತ್ರ ಪಡೆಯ ನೆರವು ಕೇಳಬಹುದು, ಅದು 149. ಆಗಲೂ ಎಷ್ಟು ಕಡಿಮೆ ಬಲದಲ್ಲಿ ಕೆಲಸ ಆಗುತ್ತದೋ ಅಷ್ಟೇ ಬಳಸಬೇಕು. ಎಫ್‌ಐಆರ್ ದಾಖಲಾಗುವುದು ಠಾಣೆಯಲ್ಲಿ. ಆರ್‌ಎಎಫ್ ಜವಾನ ಯಾರನ್ನಾದರೂ ಹಿಡಿದರೂ ಅವರನ್ನು ಒಪ್ಪಿಸಬೇಕಾದ್ದು ಸ್ಥಳೀಯ ಪೊಲೀಸರಿಗೆ. ತಹಶೀಲ್ದಾರ್ ಕೂಡ ಕಾರ್ಯನಿರ್ವಾಹಕ ದಂಡಾಧಿಕಾರಿಯೇ, ಮೆರವಣಿಗೆಯಲ್ಲಿ ಅವರು ಸುಮ್ನೆ ಓಡಾಡುತ್ತಿರುವುದಿಲ್ಲ. ಅವರ ಕೈಯಲ್ಲಿ ಆ ಹೊತ್ತಿಗೆ ಒಂದು ದೊಡ್ಡ ಹೊಣೆ ಇರುತ್ತದೆ.

ತನಿಖೆಯ ವಿಷಯದಲ್ಲಿ ಗೆರೆ ಬೇರೆ ಥರ ಇದೆ. ಸಿಬಿಐ ರಾಜ್ಯದೊಳಗೆ ತನಿಖೆ ಮಾಡಲು ರಾಜ್ಯದ ಒಪ್ಪಿಗೆ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ತನ್ನ ಸಾಮಾನ್ಯ ಒಪ್ಪಿಗೆಯನ್ನು ವಾಪಸ್ ತೆಗೆದುಕೊಂಡಿತು. ರಾಷ್ಟ್ರೀಯ ತನಿಖಾ ದಳ ಎನ್‌ಐಎಗೆ ಆ ಒಪ್ಪಿಗೆ ಬೇಡ. 2008ರ ಎನ್‌ಐಎ ಕಾಯ್ದೆಯ ಪ್ರಕಾರ ಭಯೋತ್ಪಾದನೆಯಂಥ ಕೆಲವು ಅಪರಾಧಗಳ ತನಿಖೆಯನ್ನು ಕೇಂದ್ರ ತಾನಾಗಿಯೇ ಎನ್‌ಐಎಗೆ ವಹಿಸಬಹುದು. ಗಡಿ ಭದ್ರತಾ ಪಡೆಯ ವಿಷಯದಲ್ಲಿ ಜಗಳ ನ್ಯಾಯಾಲಯಕ್ಕೇ ಹೋಯಿತು. 2021ರಲ್ಲಿ ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಂಗಳಲ್ಲಿ ಅದರ ವ್ಯಾಪ್ತಿಯನ್ನು ಗಡಿಯಿಂದ 50 ಕಿಲೋಮೀಟರ್‌ಗೆ ಹಿಗ್ಗಿಸಿದಾಗ ಪಂಜಾಬ್ ಸರ್ಕಾರ 131ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಕೇಂದ್ರ ಮತ್ತು ರಾಜ್ಯದ ನಡುವಿನ ಇಂಥ ವ್ಯಾಜ್ಯಕ್ಕೆ ಸಂವಿಧಾನ ಇಟ್ಟಿರುವ ಬಾಗಿಲು ಅದು.

ರಾಜ್ಯದ ಪಡೆಗೂ ಮಿತಿ ಇದೆ

ಒಕ್ಕೂಟದ ಮಾತು ಬಂದಾಗ ನಾವು ಕೇಂದ್ರದ ದಬ್ಬಾಳಿಕೆ ಬಗ್ಗೆ ಮಾತ್ರ ಮಾತಾಡುತ್ತೇವೆ. ರಾಜ್ಯದ ಹಕ್ಕು ಗೆದ್ದರೆ ಜನರ ಹಕ್ಕೂ ಗೆದ್ದ ಹಾಗೆ ಅಂದುಕೊಳ್ಳುತ್ತೇವೆ. ಅದು ನಿಜವಲ್ಲ. ವೀರಪ್ಪನ್ ಹುಡುಕಾಟದ ಕಾಲ ನೆನಪಿಸಿಕೊಳ್ಳಿ. ಒಂದು ರಾಜ್ಯದ ಪೊಲೀಸರ ಅಧಿಕಾರವನ್ನು ಇನ್ನೊಂದು ರಾಜ್ಯಕ್ಕೆ ವಿಸ್ತರಿಸಲು ಆ ರಾಜ್ಯದ ಒಪ್ಪಿಗೆ ಬೇಕು. ಕರ್ನಾಟಕ, ತಮಿಳುನಾಡು ಸರ್ಕಾರಗಳು ಕೂಡಿ ಜಂಟಿ ಕಾರ್ಯಪಡೆ ಮಾಡಿದವು. ಒಕ್ಕೂಟದ ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು. ಆದರೆ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳ ಜನ ಆ ಪಡೆಯ ಕೈಯಲ್ಲಿ ಅನುಭವಿಸಿದ ಹಿಂಸೆಯ ಬಗ್ಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಣೆ ಮಾಡಬೇಕಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಂತ್ರಸ್ತರಿಗೆ ಪರಿಹಾರ ಶಿಫಾರಸು ಮಾಡಿತು.

ಇನ್ನೂ ದೊಡ್ಡ ಪಾಠ ಛತ್ತೀಸಗಢದ್ದು. ಅಲ್ಲಿ ನಕ್ಸಲರ ವಿರುದ್ಧ ಹೋರಾಡಲು ಬುಡಕಟ್ಟು ಯುವಕರನ್ನು ‘ವಿಶೇಷ ಪೊಲೀಸ್ ಅಧಿಕಾರಿ’ಗಳು ಎಂದು ಹೆಸರಿಟ್ಟು ಬಂದೂಕು ಕೊಟ್ಟರು. ಓದು ಐದನೇ ತರಗತಿಯಾದರೂ ಸಾಕಿತ್ತು. ತಿಂಗಳಿಗೆ 3,000 ರೂಪಾಯಿ ಗೌರವಧನ, ಅದರ ಹೆಚ್ಚಿನ ಪಾಲು ಕೇಂದ್ರದಿಂದ. 2011ರ ಜುಲೈ 5ರಂದು ನಂದಿನಿ ಸುಂದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಸಮಾನತೆ ಮತ್ತು ಜೀವದ ಹಕ್ಕು ಕೊಡುವ 14 ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ಸರಿಯಾದ ತರಬೇತಿ ಇಲ್ಲದ ಹುಡುಗರನ್ನು ಸಾವಿನ ಬಾಯಿಗೆ ತಳ್ಳುವುದೂ ತಪ್ಪು, ಅವರ ಕೈಗೆ ಬಂದೂಕು ಕೊಟ್ಟು ಉಳಿದವರ ಜೀವಕ್ಕೆ ಅಪಾಯ ತರುವುದೂ ತಪ್ಪು ಎಂಬುದು ಅದರ ನಿಲುವು. ಬಂದೂಕು ವಾಪಸ್ ಪಡೆಯಲು ಹೇಳಿತು, ಇದಕ್ಕೆ ಕೇಂದ್ರದ ಹಣ ಹೋಗುವುದನ್ನೂ ತಡೆಯಿತು. ಛತ್ತೀಸಗಢ ಅದೇ ವರ್ಷ ಸಹಾಯಕ ಸಶಸ್ತ್ರ ಪೊಲೀಸ್ ಪಡೆಗೆ ಒಂದು ಕಾಯ್ದೆ ಮಾಡಿಕೊಂಡಿತು. ಶಾಸನಸಭೆ ಕಾನೂನು ಮಾಡುವುದು ನ್ಯಾಯಾಂಗ ನಿಂದನೆ ಆಗುವುದಿಲ್ಲ ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮಲೆನಾಡಿನಲ್ಲಿ ಆ ದಾರಿ ಹಿಡಿಯಲಿಲ್ಲ ಎಂಬುದು ನಮ್ಮ ಪುಣ್ಯ. ಇಲ್ಲಿ ಕಾಡಿಗೆ ಹೋದದ್ದು ನೇಮಕಗೊಂಡ, ತರಬೇತಿ ಪಡೆದ ಪೊಲೀಸರು. ಹಾಗೆಂದು ಆ ಇಪ್ಪತ್ತು ವರ್ಷ ಹಗುರವಾಗಿರಲಿಲ್ಲ. 2003ರ ನವೆಂಬರ್‌ನಲ್ಲಿ ಕಾರ್ಕಳ ಕಡೆಯ ಈದುವಿನಲ್ಲಿ ಪಾರ್ವತಿ ಮತ್ತು ಹಾಜಿಮಾ, 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್, 2024ರ ನವೆಂಬರ್ 18ರಂದು ಹೆಬ್ರಿ ಬಳಿಯ ಪೀತಬೈಲಿನಲ್ಲಿ ವಿಕ್ರಂ ಗೌಡ, ಹೀಗೆ ನಕ್ಸಲರು ಪೊಲೀಸರ ಗುಂಡಿಗೆ ಸತ್ತರು. ಪೊಲೀಸರೂ ಸತ್ತಿದ್ದಾರೆ. ಮಾಹಿತಿದಾರರೆಂಬ ಅನುಮಾನದಲ್ಲಿ ನಕ್ಸಲರು ಊರಿನವರನ್ನು ಕೊಂದಿದ್ದೂ ಇದೆ. ಕಾಡಂಚಿನ ಒಂಟಿ ಮನೆಯವರು ಎರಡೂ ಕಡೆಯವರ ಅನುಮಾನದ ನಡುವೆ ಬದುಕಿದರು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಶರಣಾದರು. ಮುಂದಿನ ತಿಂಗಳ ಮೊದಲಲ್ಲಿ ಉಳಿದವರೂ ಬಂದ ಮೇಲೆ ಆ ಅಧ್ಯಾಯ ಮುಗಿಯಿತು.

ಎನ್‌ಕೌಂಟರ್ ಆದ ಮೇಲೆ ಏನು ಮಾಡಬೇಕು ಎಂಬುದಕ್ಕೂ ನಿಯಮ ಇದೆ. 2014ರಲ್ಲಿ ನಾಗರಿಕ ಹಕ್ಕು ಸಂಘಟನೆ ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹದಿನಾರು ಅಂಶಗಳನ್ನು ಹಾಕಿಕೊಟ್ಟಿತು. ಎಫ್‌ಐಆರ್ ಆಗಲೇಬೇಕು. ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಗುಂಡು ಹಾರಿಸಿದವರೇ ಅಲ್ಲ. ದಂಡಾಧಿಕಾರಿ ವಿಚಾರಣೆ ನಡೆಯಬೇಕು. ಅನುಮಾನ ತೀರುವ ತನಕ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ. ಸತ್ತವನು ಎಂಥವನೇ ಇರಲಿ, ಈ ನಿಯಮ ಬದಲಾಗುವುದಿಲ್ಲ.

ಬೇರೆ ದೇಶಗಳನ್ನು ನೋಡಿದರೆ ನಮ್ಮ ಗೆರೆಗಳ ಬೆಲೆ ಇನ್ನೂ ತಿಳಿಯುತ್ತದೆ. ಇರಾಕಿನ 2005ರ ಸಂವಿಧಾನ ಪ್ರಾಂತ್ಯಗಳಿಗೆ ತಮ್ಮದೇ ಪೊಲೀಸ್, ಭದ್ರತಾ ಪಡೆ, ಪ್ರಾಂತ್ಯದ ಕಾವಲು ಪಡೆ ಇಟ್ಟುಕೊಳ್ಳಲು ಬಿಡುತ್ತದೆ. ಕುರ್ದಿಸ್ತಾನ ಪ್ರಾಂತ್ಯದ ಸ್ವಂತ ಪಡೆ ಪೆಶ್ಮರ್ಗಾ ಆ ವಿಧಿಯ ನೆರಳಿನಲ್ಲೇ ನಿಂತಿದೆ. ಇಥಿಯೋಪಿಯಾದ ಸಂವಿಧಾನ ರಾಜ್ಯಗಳಿಗೆ ಕೊಟ್ಟದ್ದು ಪೊಲೀಸ್ ಪಡೆ ಮಾತ್ರ. ಆದರೆ ರಾಜ್ಯಗಳು ‘ವಿಶೇಷ ಪಡೆ’ ಎಂಬ ಹೆಸರಲ್ಲಿ ಸೇನೆಯಂಥ ಪಡೆಗಳನ್ನೇ ಬೆಳೆಸಿಕೊಂಡವು. 2023ರ ಏಪ್ರಿಲ್‌ನಲ್ಲಿ ಅವನ್ನು ವಿಸರ್ಜಿಸಲು ಕೇಂದ್ರ ಹೊರಟಾಗ ಅಮ್ಹಾರಾ ಪ್ರಾಂತ್ಯದಲ್ಲಿ ದೊಡ್ಡ ವಿರೋಧ ಎದ್ದಿತು, ಕೊನೆಗೆ ಅಲ್ಲಿ ಯುದ್ಧವೇ ಶುರುವಾಯಿತು. ವಿಶೇಷ ಪಡೆಯನ್ನು ಹುಟ್ಟುಹಾಕುವುದು ಸುಲಭ, ಮುಚ್ಚುವುದು ಕಷ್ಟ.

ಹೊಸ ಪಡೆಗೆ ಕೇಳಬೇಕಾದ್ದು

ಅದಕ್ಕೇ ನಮ್ಮ ಹೊಸ ವಿಶೇಷ ಕಾರ್ಯಪಡೆಯ ಬಗ್ಗೆ ಈಗಲೇ ಕೇಳಬೇಕು. ಅದು ಹುಟ್ಟಿದ್ದು ಸರ್ಕಾರಿ ಆದೇಶದಿಂದ. ಅದರಲ್ಲಿ ತಪ್ಪಿಲ್ಲ. ಅದರಲ್ಲಿರುವವರು ಈಗಾಗಲೇ ಪೊಲೀಸರು, 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೊಟ್ಟ ಅಧಿಕಾರವೇ ಅವರದ್ದು. ಹೊಸ ಅಧಿಕಾರ ಏನೂ ಸಿಕ್ಕಿಲ್ಲ, ಸಿಗುವಂತೆಯೂ ಇಲ್ಲ. ಕಾಯ್ದೆ ಕೊಡದ ಅಧಿಕಾರವನ್ನು ಆದೇಶ ಕೊಡಲಾರದು. ಆದರೆ ಆದೇಶದಿಂದ ಹುಟ್ಟಿದ ಪಡೆಗೆ ಶಾಸನಸಭೆಯಲ್ಲಿ ಚರ್ಚೆ ಆಗಿರುವುದಿಲ್ಲ. ಅವಧಿ ಎಷ್ಟು, ಕೆಲಸದ ಗಡಿ ಯಾವುದು, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕೇ ಎಂಬುದನ್ನು ಕಾಯ್ದೆಯಲ್ಲಿ ಬರೆದಿರುವುದಿಲ್ಲ. ಇನ್ನೊಂದು ಚಿಂತೆಯೂ ನನಗಿದೆ. ಕಾಡಿನಲ್ಲಿ ಬಂದೂಕುಧಾರಿಗಳನ್ನು ಹುಡುಕುವ ತರಬೇತಿ ಪಡೆದವರನ್ನು ಪೇಟೆ ಬೀದಿಯ ಗಲಭೆಗೆ ತಂದಾಗ ಅವರಿಗೆ ಬೇರೆಯೇ ಪಾಠ ಹೇಳಿಕೊಡಬೇಕು. ಬೀದಿಯಲ್ಲಿ ಎದುರು ನಿಂತಿರುವುದು ಶತ್ರು ಅಲ್ಲ, ಪಕ್ಕದ ಬೀದಿಯ ಹುಡುಗ. ಶಿವಮೊಗ್ಗದ ಶಾಸಕರು ಯಾವ ಪಕ್ಷದವರೇ ಆಗಿರಲಿ, ಈ ಪಡೆಯ ವಾರ್ಷಿಕ ವರದಿಯನ್ನು ಸದನದಲ್ಲಿ ಇಡಿ ಎಂದು ಕೇಳಬೇಕು.

ಇನ್ನು ಬಾಗಿಲು ತಟ್ಟಿದಾಗಿನ ಮಾತು. ಸಂವಿಧಾನದ ಗೆರೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಬಂಧಿಸಲು ಬರುವ ಪೊಲೀಸರ ಎದೆಯ ಮೇಲೆ ಹೆಸರು ಕಾಣುವಂತಿರಬೇಕು, ಅದು ಸುರಕ್ಷಾ ಸಂಹಿತೆಯ 36ನೇ ಸೆಕ್ಷನ್. ವಾರಂಟ್ ಇಲ್ಲದೆ ಮನೆ ಶೋಧಿಸುವುದಾದರೆ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ಕಾರಣವನ್ನು ಮೊದಲು ಬರೆದಿಡಬೇಕು, ಪಂಚರು ಇರಬೇಕು, ಈಗಿನ ಕಾನೂನಿನಲ್ಲಿ ವಿಡಿಯೊ ಕೂಡ ಮಾಡಬೇಕು. ತೀರಾ ಅಪರೂಪದ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಹಾಗೆ ಮಾಡಲೇಬೇಕಾದರೂ ಮಹಿಳಾ ಅಧಿಕಾರಿ ಇರಬೇಕು, ದಂಡಾಧಿಕಾರಿಯ ಅನುಮತಿ ಮೊದಲೇ ಪಡೆದಿರಬೇಕು. ಬಂಧಿಸಿದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ದಂಡಾಧಿಕಾರಿ ಮುಂದೆ ಹಾಜರುಪಡಿಸಬೇಕು, ಅದು 22ನೇ ವಿಧಿ. ಎಎನ್‌ಎಫ್ ಇರಲಿ, ಕಾರ್ಯಪಡೆ ಇರಲಿ, ಠಾಣೆ ಪೊಲೀಸ್ ಇರಲಿ, ನಿಯಮ ಒಂದೇ.

ತಪ್ಪು ನಡೆದರೆ ದೂರು ಎಲ್ಲಿಗೆ ಎಂಬುದು ಮಾತ್ರ ಸಮವಸ್ತ್ರದ ಮೇಲೆ ನಿಂತಿದೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ರಾಜ್ಯದ ಪೊಲೀಸರ ಮೇಲಿನ ದೂರನ್ನು ರಾಜ್ಯ ಮಾನವ ಹಕ್ಕುಗಳ ಆಯೋಗ ನೇರವಾಗಿ ವಿಚಾರಣೆ ಮಾಡಬಹುದು. ಸಿಆರ್‌ಪಿಎಫ್, ಆರ್‌ಎಎಫ್‌ನಂಥ ಕೇಂದ್ರದ ಸಶಸ್ತ್ರ ಪಡೆಯ ಮೇಲೆ ದೂರು ಬಂದರೆ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ರಾಷ್ಟ್ರೀಯ ಆಯೋಗ ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದು ಅಷ್ಟೇ. ಕರ್ತವ್ಯದ ವೇಳೆಯ ಕೃತ್ಯಕ್ಕೆ ಮೊಕದ್ದಮೆ ಹೂಡಲೂ ಕೇಂದ್ರದ ಅನುಮತಿ ಬೇಕು. ಹಾಗಾಗಿ ಯಾವ ಪಡೆ, ಎಷ್ಟು ಹೊತ್ತಿಗೆ, ಯಾವ ಬೀದಿಯಲ್ಲಿ, ಜೊತೆಗಿದ್ದ ಸ್ಥಳೀಯ ಅಧಿಕಾರಿ ಯಾರು ಎಂಬುದನ್ನು ಅವತ್ತೇ ಬರೆದಿಟ್ಟುಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಗೆ ‘ಇದು ಭದ್ರತಾ ಸಂಸ್ಥೆ, ವಿನಾಯಿತಿ ಇದೆ’ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ. ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲೇ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ ಎಂದು ಬರೆದಿದೆ. ಹಕ್ಕು ಉಲ್ಲಂಘನೆಯ ಆರೋಪವಿದ್ದರೆ ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನದೊಳಗೆ ಉತ್ತರ ಕೊಡಬೇಕು.